ಐಡಲ್‌ನಲ್ಲಿ ಸೋತ ಆ್ಯಡಮ್ ಲ್ಯಾಂಬರ್ಟ್ ಆಮೇಲೆ ಏನಾದ?

ನೀವು ಕೇಳಿದ್ದು ಇಷ್ಟು: 2009ರ ಅಮೆರಿಕನ್ ಐಡಲ್ ಅನ್ನುವ ಟಿವಿ ಹಾಡಿನ ಸ್ಪರ್ಧೆಯಲ್ಲಿ ಆ್ಯಡಮ್ ಲ್ಯಾಂಬರ್ಟ್ ಗೆದ್ದೇ ಗೆಲ್ಲುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದರು, ಆದರೆ ಎರಡನೇ ಸ್ಥಾನಕ್ಕೆ ನಿಂತ. ಅಂಥ ಗಂಟಲಿದ್ದೂ ರೇಡಿಯೋದಲ್ಲಿ ದಿನಾ ಕೇಳುವ ಸ್ಟಾರ್ ಯಾಕಾಗಲಿಲ್ಲ? ಆ ಸೋಲೇ ಕಾರಣವಾ?

ಸೋಲು ಕಾರಣ ಅಲ್ಲ ಅಂತ ನನ್ನ ಅನಿಸಿಕೆ. ಅವನು ನಾಟಕದವನು. ರೆಕಾರ್ಡ್ ಕಂಪನಿಗಳಿಗೆ ನಾಟಕದವನನ್ನು ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ನಾನು ಸಂಗೀತ ಪಂಡಿತ ಏನಲ್ಲ. ಮೈಸೂರಿನಲ್ಲಿ ಒಂದು ಹವ್ಯಾಸಿ ತಂಡದಲ್ಲಿ ಮೇಳದ ಜೊತೆ ಹಾಡುತ್ತಿದ್ದೆ, ಆಮೇಲೆ ಕೆಲಸಕ್ಕೆ ಅಂತ ಅಮೆರಿಕಕ್ಕೆ ಬಂದೆ. ಆ ಸೀಸನ್ ನಡೆಯುವಾಗ ನಾಲ್ಕು ಜನ ಒಂದು ಮನೆಯಲ್ಲಿ ಇದ್ದೆವು. ಮಿಕ್ಕ ಮೂವರಿಗೆ ಐಪಿಎಲ್ ಹುಚ್ಚು. ನಾನೊಬ್ಬ ಮಾತ್ರ ಟಿವಿ ಮುಂದೆ ಕೂತು ಇವನ ಸರದಿಗೆ ಕಾಯುತ್ತಿದ್ದೆ.

ಐಡಲ್‌ಗೆ ಬರುವಾಗ ಅವನು ಹೊಸಬ ಆಗಿರಲಿಲ್ಲ. ಹುಟ್ಟಿದ್ದು 1982ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ, ಬೆಳೆದದ್ದು ಸ್ಯಾನ್ ಡಿಯಾಗೋದಲ್ಲಿ. ಚಿಕ್ಕಂದಿನಿಂದ ಸಂಗೀತ ನಾಟಕ. ಲಾಸ್ ಏಂಜಲಿಸ್‌ನಲ್ಲಿ 'ವಿಕೆಡ್' ನಾಟಕದ ಮೇಳದಲ್ಲಿದ್ದ. ನಾಯಕ ನಟ ಬಾರದ ದಿನ ಆ ಪಾತ್ರಕ್ಕೆ ಇಳಿಯುವುದೂ ಇವನ ಕೆಲಸವೇ ಆಗಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಆಡಿಷನ್‌ನಲ್ಲಿ ಬ್ರಿಟನ್ನಿನ ಹಳೇ ರಾಕ್ ತಂಡ ಕ್ವೀನ್‌ನ 'ಬೊಹೀಮಿಯನ್ ರಾಪ್ಸೊಡಿ' ಹಾಡಿದ. ತೀರ್ಪುಗಾರ ಸೈಮನ್ ಕೊವೆಲ್‌ಗೆ ಅಲ್ಲೇ ಅನುಮಾನ ಬಂತು. ಇವನು ಜಾಸ್ತಿ ನಾಟಕೀಯ ಅನ್ನುವುದೇ ಅವರ ತಕರಾರು. ಮುಂದಿನ ಹದಿನೈದು ವರ್ಷ ಇವನ ಬೆನ್ನಿಗೆ ಬಿದ್ದದ್ದೂ ಇದೇ ತಕರಾರು.

'ಮ್ಯಾಡ್ ವರ್ಲ್ಡ್' ಹಾಡಿದ ರಾತ್ರಿ ಮಾತ್ರ ನೆನಪಿದೆ. ಒಂದು ಕುರ್ಚಿ, ನೀಲಿ ಬೆಳಕು. ಕುರ್ಚಿಯಿಂದ ಏಳಲೇ ಇಲ್ಲ. ಮೈಸೂರಿನಲ್ಲಿ ನಮ್ಮ ನಿರ್ದೇಶಕರು ನನ್ನನ್ನು ಬೈಯುತ್ತಿದ್ದದ್ದು ನೆನಪಾಯಿತು: "ಕೈಗೆ ಕೆಲಸ ಇಲ್ದಿದ್ರೆ ಅದನ್ನ ಮನೇಲಿ ಬಿಟ್ಟು ಬಾರಯ್ಯ." ಇವನಿಗೆ ಆ ಬೈಗುಳ ಬೇಕಿರಲಿಲ್ಲ. ಹಾಡು ಮುಗಿದಾಗ ಸೈಮನ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಮನುಷ್ಯ ಸುಮ್ಮಸುಮ್ಮನೆ ಏಳುವ ಪೈಕಿ ಅಲ್ಲ.

ಮೇ 20ರ ಫಿನಾಲೆಗೆ ಸುಮಾರು 10 ಕೋಟಿ ಮತ ಬಿದ್ದವು ಅಂತ ಘೋಷಿಸಿದರು. ಒಬ್ಬರೇ ಎಷ್ಟು ಸಲ ಬೇಕಾದರೂ ಹಾಕಬಹುದಿತ್ತು ಬಿಡಿ. ಗೆದ್ದದ್ದು ಆರ್ಕನ್ಸಾದ ಕ್ರಿಸ್ ಆ್ಯಲನ್, ಗಿಟಾರ್ ಹಿಡಿದು ಮೆಲ್ಲಗೆ ಹಾಡುವ ಹುಡುಗ. ನನಗೆ ಅವನ ಮೇಲೆ ಸಿಟ್ಟಿಲ್ಲ. ಆದರೆ ಆ ರಾತ್ರಿ ಫಲಿತಾಂಶಕ್ಕಿಂತ ದೊಡ್ಡದೊಂದು ನಡೆಯಿತು. ಕ್ವೀನ್ ತಂಡದ ಬ್ರಯಾನ್ ಮೇ ಮತ್ತು ರೋಜರ್ ಟೇಲರ್ ವೇದಿಕೆಗೆ ಬಂದು ಈ ಇಬ್ಬರು ಹುಡುಗರ ಜೊತೆ ಒಂದು ಹಾಡು ನುಡಿಸಿದರು. ಅದು ಎಲ್ಲಿಗೆ ಮುಟ್ಟೀತು ಅಂತ ಅವತ್ತು ನನಗಂತೂ ಹೊಳೆದಿರಲಿಲ್ಲ.

ಆಮೇಲಿನ ಕತೆ ಎರಡು ದಾರಿಯಲ್ಲಿ ಹೋಗುತ್ತದೆ. ಒಂದು ಪಾಪ್ ದಾರಿ.

ಜೂನ್‌ನಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆಗೆ ತಾನು ಗೇ ಅಂತ ನೇರವಾಗಿ ಹೇಳಿದ. ನವೆಂಬರ್‌ನಲ್ಲಿ ಮೊದಲ ಆಲ್ಬಂ ಬಂತು. ಅದು ಅಂಗಡಿಗೆ ಬರುವ ಹಿಂದಿನ ರಾತ್ರಿ ಅಮೆರಿಕನ್ ಮ್ಯೂಸಿಕ್ ಅವಾರ್ಡ್ಸ್‌ನಲ್ಲಿ ಹಾಡುತ್ತಾ ತನ್ನ ವಾದ್ಯಗಾರನೊಬ್ಬನಿಗೆ ಮುತ್ತು ಕೊಟ್ಟ. ಎಬಿಸಿ ಚಾನೆಲ್‌ಗೆ ಸುಮಾರು 1,500 ದೂರು ಹೋದವು. ಅದರ ಬೆಳಗಿನ ಕಾರ್ಯಕ್ರಮದಲ್ಲಿ ಇವನು ಹಾಡಬೇಕಿತ್ತು, ಅದನ್ನು ರದ್ದು ಮಾಡಿದರು. ಎದುರಾಳಿ ಸಿಬಿಎಸ್ ಕರೆದು ಕೂರಿಸಿಕೊಂಡಿತು. ಅಲ್ಲಿ ಒಂದು ತಮಾಷೆ ನಡೆಯಿತು. ಇವನ ಮುತ್ತನ್ನು ಮಸುಕು ಮಾಡಿ ತೋರಿಸಿದರು, ಅದರ ಜೊತೆಗೇ ಮಡೋನಾ-ಬ್ರಿಟ್ನಿ ಹಳೇ ಮುತ್ತನ್ನು ಹಾಗೇ ತೋರಿಸಿದರು! ಹೆಂಗಸರು ಎಷ್ಟೋ ವರ್ಷದಿಂದ ವೇದಿಕೆ ಮೇಲೆ ಇದನ್ನೇ ಮಾಡುತ್ತಿದ್ದಾರೆ, ನನಗೆ ಮಾತ್ರ ಯಾಕೆ ಬೇರೆ ನಿಯಮ ಅನ್ನುವುದು ಅವನ ವಾದ. ಆ ಮಸುಕು ನೋಡಿದ ಮೇಲೆ ಬೇರೆ ಸಾಕ್ಷಿ ಬೇಕಾ?

ಹಾಗಂತ ಆಲ್ಬಂ ಮುಳುಗಲಿಲ್ಲ. ಅಮೆರಿಕದ ಆಲ್ಬಂ ಮಾರಾಟದ ಪಟ್ಟಿಯಾದ ಬಿಲ್‌ಬೋರ್ಡ್‌ನಲ್ಲಿ 3ನೇ ಸ್ಥಾನದಿಂದ ಶುರುವಾಯಿತು. ಅದರಲ್ಲಿನ 'ವಾಟಯಾ ವಾಂಟ್ ಫ್ರಮ್ ಮಿ' ಅಮೆರಿಕದ ಟಾಪ್ 10 ಮುಟ್ಟಿತು, ಗ್ರ್ಯಾಮಿ ನಾಮನಿರ್ದೇಶನವೂ ಸಿಕ್ಕಿತು. ಗಾಯಕಿ ಪಿಂಕ್ ತನ್ನ ಆಲ್ಬಂಗೆ ಅಂತ ಜೊತೆಯವರೊಂದಿಗೆ ಬರೆದು, ಕೊನೆಗೆ ಬಳಸದೆ ಬಿಟ್ಟಿದ್ದ ಹಾಡದು. ಗಮನಿಸಿ, ಇವನ ಹಾಡುಗಳಲ್ಲಿ ಅತಿ ಸೌಮ್ಯವಾದದ್ದೇ ರೇಡಿಯೋಗೆ ಹಿಡಿಸಿದ್ದು.

2012ರ 'ಟ್ರೆಸ್‌ಪಾಸಿಂಗ್' ಆಲ್ಬಂ ನನ್ನ ಪಾಲಿಗೆ ಅವನ ಅತ್ಯುತ್ತಮ ಕೆಲಸ. ಫಂಕ್ ತಾಳ, ಫ್ಯಾರೆಲ್ ವಿಲಿಯಮ್ಸ್, ನೈಲ್ ರಾಡ್ಜರ್ಸ್ ಅಂಥವರ ಕೈ ಇದೆ. ಅದು ನೇರ ನಂಬರ್ 1ಕ್ಕೆ ಬಂತು. ತಾನು ಗೇ ಅಂತ ಬಹಿರಂಗವಾಗಿ ಹೇಳಿಕೊಂಡ ಗಾಯಕನೊಬ್ಬನ ಆಲ್ಬಂ ಬಿಡುಗಡೆಯ ವಾರವೇ ಅಲ್ಲಿಗೆ ಬಂದದ್ದು ಅದೇ ಮೊದಲು. ಆದರೆ ಮೊದಲ ವಾರ ಮಾರಾಟವಾದದ್ದು ಬರೀ 77,000 ಪ್ರತಿ. ರೇಡಿಯೋ ಕೈಹಿಡಿಯಲಿಲ್ಲ. ಕಂಪನಿಯವರು ಏನಂದರು ಗೊತ್ತಾ? ಮುಂದಿನದು 80ರ ದಶಕದ ಹಳೇ ಹಾಡುಗಳನ್ನೇ ಮತ್ತೆ ಹಾಡಿದ ಆಲ್ಬಂ ಆಗಲಿ ಅಂತ. 2013ರಲ್ಲಿ ಆ ಕಂಪನಿ, ಆರ್‌ಸಿಎ, ಬಿಟ್ಟು ಹೊರಬಂದ. ಯಾಕೆ ಬಿಟ್ಟೆ ಅಂತ ಬಹಿರಂಗವಾಗಿ ಬರೆದ ಕೂಡ. ಆ ಪತ್ರದಲ್ಲಿ ಕಹಿ ಕಡಿಮೆ, ಅದಕ್ಕೇ ನನಗೆ ಇಷ್ಟ. ಬೇಗನೇ ವಾರ್ನರ್ ಕಂಪನಿ ಕರೆಯಿತು, 2015ರ ಆಲ್ಬಂ ಮತ್ತೆ 3ನೇ ಸ್ಥಾನದಿಂದ ಶುರುವಾಯಿತು. ಆಮೇಲಿನ ಆಲ್ಬಂಗಳು ಚೆನ್ನಾಗಿವೆ, ಆದರೆ ಸದ್ದು ಕಡಿಮೆ.

ಇನ್ನೊಂದು ದಾರಿ ಕ್ವೀನ್.

ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ 1991ರಲ್ಲೇ ತೀರಿಕೊಂಡಿದ್ದರು. ಝಾಂಜಿಬಾರ್‌ನಲ್ಲಿ ಹುಟ್ಟಿದ ಪಾರ್ಸಿ, ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ ಓದಿದವರು. ಅಂಥವರ ಜಾಗದಲ್ಲಿ ನಿಲ್ಲುವುದು ಅಂದರೆ ತಮಾಷೆಯಾ? 2011ರಲ್ಲಿ ಬೆಲ್‌ಫಾಸ್ಟ್‌ನ ಎಂಟಿವಿ ಸಮಾರಂಭದಲ್ಲಿ ಸ್ವಲ್ಪ ಹೊತ್ತು ಒಟ್ಟಿಗೆ ಹಾಡಿ ನೋಡಿದರು. 2012ರ ಜೂನ್ 30ಕ್ಕೆ ಕೀವ್‌ನ ಚೌಕದಲ್ಲಿ ಮೊದಲ ಪೂರ್ತಿ ಕಛೇರಿ ನಡೆಯಿತು. 2014ರಿಂದ ದೊಡ್ಡ ಪ್ರವಾಸಗಳು. ಹೆಸರು ಕೂಡ 'ಕ್ವೀನ್ + ಆ್ಯಡಮ್ ಲ್ಯಾಂಬರ್ಟ್' ಅಂತಲೇ ಇಟ್ಟರು. ಅವನನ್ನು ತಂಡದೊಳಗೆ ಕರಗಿಸಲೂ ಇಲ್ಲ, ಬಾಡಿಗೆ ಗಾಯಕನ ಹಾಗೆ ಬಚ್ಚಿಡಲೂ ಇಲ್ಲ.

2019ರ ಜುಲೈನಲ್ಲಿ ಸ್ಯಾನ್ ಹೊಸೆಯಲ್ಲಿ ನೋಡಿದೆ. ನನ್ನ ಪಕ್ಕ ಕೂತಿದ್ದ ಅರವತ್ತು ದಾಟಿದ ಬಿಳಿಗಡ್ಡದವರು ಹಳೇ ಕ್ವೀನ್ ಟೀಶರ್ಟ್ ಹಾಕಿದ್ದರು, ಮುಖದಲ್ಲಿ 'ನೋಡೋಣ ಏನು ಮಾಡ್ತಾನೋ' ಅನ್ನುವ ಭಾವ. ನಾಲ್ಕೈದು ಹಾಡಿನಲ್ಲಿ ಅವರ ಬಿಗುವು ಸಡಿಲವಾಯಿತು. ಥಳಥಳ ಹೊಳೆಯುವ ಮೋಟರ್‌ಬೈಕ್ ಮೇಲೆ ಒರಗಿ ಸೈಕಲ್ ಬಗ್ಗೆ ಹಾಡಿದ! ಇದೇ ಶೋಕಿಯನ್ನು ಐಡಲ್‌ನಲ್ಲಿ ಅತಿಯಾಯಿತು ಅಂದಿದ್ದರು. ಇಲ್ಲಿ ಅದೇ ಬೇಕಿತ್ತು, ಯಾಕೆಂದರೆ ಆ ಹಾಡುಗಳು ಮೊದಲೇ ಮುಕ್ಕಾಲು ಪಾಲು ನಾಟಕ. ಫ್ರೆಡ್ಡಿ ಇರುವುದು ಒಬ್ಬರೇ, ನಾನೂ ನಿಮ್ಮ ಹಾಗೆ ಅವರ ಅಭಿಮಾನಿ ಅನ್ನುವ ಅರ್ಥದ ಮಾತನ್ನೂ ಜನರಿಗೆ ಹೇಳಿದ. ಅವರ ಹಾಗೆ ಹಾಡಲು ಹೋಗಲಿಲ್ಲ. ಮಧ್ಯೆ ಬ್ರಯಾನ್ ಮೇ ಒಬ್ಬರೇ ಗಿಟಾರ್ ಹಿಡಿದು ಕೂತು ಹಾಡುವಾಗ ಪರದೆ ಮೇಲೆ ಫ್ರೆಡ್ಡಿ ಬರುತ್ತಾರೆ. ಆಗ ಇವನು ವೇದಿಕೆ ಮೇಲೆ ಇರುವುದೇ ಇಲ್ಲ. ನಮ್ಮ ಕಂಪನಿ ನಾಟಕದ ಹಳಬರು ಇದನ್ನು ನೋಡಿದ್ದರೆ ಮೆಚ್ಚುತ್ತಿದ್ದರು. ಯಾವಾಗ ಒಳಗೆ ಹೋಗಬೇಕು ಅಂತ ಗೊತ್ತಿರುವ ನಟ ಕಡಿಮೆ.

ಇದಕ್ಕೊಂದು ಬೆಲೆಯೂ ಇದೆ, ಮುಚ್ಚಿಡುವುದಿಲ್ಲ. ಅವನ ಸ್ವಂತ ಹಾಡು ಒಂದೂ ಗೊತ್ತಿಲ್ಲದವರು ಆ ಸಭಾಂಗಣದಲ್ಲಿ ಅರ್ಧಕ್ಕರ್ಧ ಇದ್ದಿರಬೇಕು. ಕ್ವೀನ್ ಜೊತೆ ಸೇರಿ ಹೊಸ ಸ್ಟುಡಿಯೋ ಆಲ್ಬಂ ಕೂಡ ಮಾಡಲಿಲ್ಲ. ಬೇರೆಯವರ ಹಾಡಿಗೆ ಇಷ್ಟು ವರ್ಷ ಕೊಟ್ಟದ್ದು ನಷ್ಟವಾ ಅಂತ ಕೇಳಿದರೆ, ನನಗೆ ಕೆಲವೊಮ್ಮೆ ಹೌದು ಅನ್ನಿಸುತ್ತದೆ, 'ಟ್ರೆಸ್‌ಪಾಸಿಂಗ್' ಕೇಳಿದ ದಿನ ಇನ್ನೂ ಜಾಸ್ತಿ.

2024ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ 'ಕ್ಯಾಬರೆ' ನಾಟಕದ ಸೂತ್ರಧಾರನ ಪಾತ್ರಕ್ಕೆ ಬಂದ. ಅಲ್ಲಿನ ದೊಡ್ಡ ನಾಟಕಮಂದಿರಗಳ ಕೇಂದ್ರ ಬ್ರಾಡ್‌ವೇಯಲ್ಲಿ ಅದು ಅವನ ಮೊದಲ ಪಾತ್ರ, ವಯಸ್ಸು 42. 2025ರ ಆಗಸ್ಟ್‌ನಲ್ಲಿ ಲಾಸ್ ಏಂಜಲಿಸ್‌ನ ಬಯಲು ರಂಗಮಂದಿರ ಹಾಲಿವುಡ್ ಬೌಲ್‌ನಲ್ಲಿ 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್' ಸಂಗೀತ ನಾಟಕ: ನಟಿ ಸಿಂಥಿಯಾ ಎರಿವೊ ಯೇಸು, ಇವನು ಜೂದಾಸ್. ಸೈಮನ್ ಕೊವೆಲ್ ಎತ್ತಿದ್ದ ತಕರಾರೇ ಈಗ ಇವನ ಕೆಲಸ.

ನೀವು ಇವನನ್ನು ಪೂರ್ತಿ ಕೇಳಿಲ್ಲದಿದ್ದರೆ ಆಲ್ಬಂನಿಂದ ಶುರು ಮಾಡಬೇಡಿ. ಕಲಾವಿದರನ್ನು ಗೌರವಿಸುವ 2018ರ ಕೆನಡಿ ಸೆಂಟರ್ ಸಮಾರಂಭದಲ್ಲಿ ಗಾಯಕಿ ಷೆರ್ ಎದುರಿಗೇ ಅವರ 'ಬಿಲೀವ್' ಹಾಡಿದ ವಿಡಿಯೋ ಹುಡುಕಿ. ಕುಣಿಯುವ ಹಾಡನ್ನು ನಿಧಾನ ಮಾಡಿ, ನಿಂತಲ್ಲೇ ನಿಂತು ಹಾಡುತ್ತಾನೆ. ಮೇಲೆ ಕೂತ ಷೆರ್ ಕಣ್ಣೊರೆಸಿಕೊಳ್ಳುವುದು ಕ್ಯಾಮೆರಾಗೆ ಸಿಕ್ಕಿದೆ.