ವೇರಿಯಬಲ್ ನಕ್ಷತ್ರ ಅಳೆಯಲು ಯಾವ ಸಿಸಿಡಿ ಕ್ಯಾಮೆರಾ ಕೊಳ್ಳಲಿ?

ಸದ್ಯಕ್ಕೆ ಯಾವುದೂ ಬೇಡ. ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸ್, ಟ್ರೈಪಾಡ್ ಇವೆ ಅಂತ ನೀವೇ ಬರೆದಿದ್ದೀರಿ. ಪರ್ಸಿಯಸ್ ನಕ್ಷತ್ರಪುಂಜದ ಅಲ್ಗಾಲ್‌ನಂಥ ವೇರಿಯಬಲ್‌ಗೆ, ಅಂದರೆ ಬೆಳಕು ಏರಿಳಿಯುವ ನಕ್ಷತ್ರಕ್ಕೆ, ಅಷ್ಟು ಸಾಕು. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಒಂದು ವರ್ಷ ಕಳೆದೆ. ಆದರೆ ನನ್ನ ಎರಡು ಚಳಿಗಾಲ ಹಾಳಾಗಿದ್ದು ಕ್ಯಾಮೆರಾದಿಂದಲ್ಲ. ಹೋಲಿಕೆಗೆ ಆರಿಸಿಕೊಂಡ ಒಂದು ನಕ್ಷತ್ರದಿಂದ.

ತುಮಕೂರಿನ ನಮ್ಮ ತಾರಸಿಯಿಂದ ಡಿಸೆಂಬರ್ ರಾತ್ರಿ ಅಲ್ಗಾಲ್ ಉತ್ತರಕ್ಕೆ ಚೆನ್ನಾಗಿ ಮೇಲೇರುತ್ತದೆ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಅದರ ಮಂಕು ಜೊತೆಗಾರ ಅಡ್ಡ ಬರುತ್ತದೆ. ಆಗ 2.1 ಮ್ಯಾಗ್ನಿಟ್ಯೂಡ್ (ಬೆಳಕಿನ ಅಳತೆ; ಸಂಖ್ಯೆ ಹೆಚ್ಚಾದಷ್ಟೂ ನಕ್ಷತ್ರ ಮಂಕು) ಇದ್ದದ್ದು 3.4ಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ಎಲ್ಲ ಸೇರಿ ಸುಮಾರು 10 ಗಂಟೆ. ಒಂದೇ ಫೋಟೋದಲ್ಲಿ ಅಲ್ಗಾಲ್ ಜೊತೆಗೆ ಬೆಳಕು ಬದಲಾಗದ ಇನ್ನೊಂದು ನಕ್ಷತ್ರವನ್ನೂ ಅಳೆದರೆ, ಸಣ್ಣ ಮಂಜು ಬಂದರೂ ಎರಡೂ ಒಟ್ಟಿಗೆ ಮಂಕಾಗುತ್ತವೆ. ಅವುಗಳ ಅನುಪಾತ ಕೆಡುವುದಿಲ್ಲ. ಡಿಫರೆನ್ಶಿಯಲ್ ಫೋಟೋಮೆಟ್ರಿ ಅಂದರೆ ಇಷ್ಟೇ.

ಆ ಇನ್ನೊಂದು ನಕ್ಷತ್ರವಾಗಿ ನಾನು ರೋ ಪರ್ಸಿಯನ್ನು ಹಿಡಿದೆ. ಅಲ್ಗಾಲ್‌ಗೆ ಎರಡೇ ಡಿಗ್ರಿ ದೂರ. ಸುಮಾರು 3.4, ಅಂದರೆ ಅಲ್ಗಾಲ್ ಪೂರ್ತಿ ಮಂಕಾದಾಗ ಇರುವಷ್ಟೇ ಬೆಳಕು. ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗುತ್ತೆ ಅಂದುಕೊಂಡೆ. ಆದರೆ ರೋ ಪರ್ಸಿಯೇ ಒಂದು ವೇರಿಯಬಲ್! ಕೆಂಪು ದೈತ್ಯ ಅದು. ವಾರಗಟ್ಟಲೆ ಸಮಯ ತೆಗೆದುಕೊಂಡು 3.3ರಿಂದ 4.0ರವರೆಗೆ ಏರಿಳಿಯುತ್ತದೆ. ಒಂದು ರಾತ್ರಿಯಲ್ಲಿ ನಿಮಗೆ ಗೊತ್ತೇ ಆಗುವುದಿಲ್ಲ. ಅಲ್ಗಾಲ್ ಬೆಳಕಿನ ಏರಿಳಿತದ ಗ್ರಾಫ್ (ಕರ್ವ್) ನುಣ್ಣಗೆ ಬರುತ್ತದೆ, ಖುಷಿಯಾಗುತ್ತದೆ. ತಿಂಗಳು ಬಿಟ್ಟು ನೋಡಿದರೆ ರೋ 3.7ಕ್ಕೆ ಇಳಿದಿರುತ್ತದೆ. ನಾನು ಲೆಕ್ಕದಲ್ಲಿ 3.4 ಅಂತಲೇ ಹಾಕಿರುತ್ತೇನೆ. ಆ 0.3 ವ್ಯತ್ಯಾಸ ನೇರ ಅಲ್ಗಾಲ್ ತಲೆಗೆ. ಅದರ ತಳ 3.4ರ ಬದಲು 3.1 ಅಂತ ಬಂತು. ಅಲ್ಗಾಲ್ ಗ್ರಹಣದ ಆಳವೇ ಬದಲಾಗುತ್ತಿದೆ ಅಂತ ನಂಬಿಬಿಟ್ಟೆ. ಇನ್ನೊಂದು ಚಳಿಗಾಲವೂ ಅದನ್ನೇ ಬೆನ್ನಟ್ಟಿದೆ.

ಮೂಲ ಫೋಟೋಗಳಿದ್ದರೆ ಬೇರೆ ನಕ್ಷತ್ರ ಇಟ್ಟುಕೊಂಡು ಮತ್ತೆ ಅಳೆಯಬಹುದಿತ್ತು. ಡಿಸ್ಕ್ ತುಂಬುತ್ತೆ ಅಂತ ಅಲ್ಗಾಲ್ ಮತ್ತು ರೋ ಇರುವಷ್ಟು ಜಾಗ ಕತ್ತರಿಸಿ ಉಳಿದದ್ದನ್ನು ಅಳಿಸಿದ್ದೆ. ದಯವಿಟ್ಟು ಕ್ಯಾಮೆರಾದ ಮೂಲ ಫೈಲ್ (ರಾ ಫೈಲ್) ಒಂದನ್ನೂ ಅಳಿಸಬೇಡಿ.

ಎಎವಿಎಸ್‌ಒ (ಅಮೆರಿಕನ್ ಅಸೋಸಿಯೇಷನ್ ಆಫ್ ವೇರಿಯಬಲ್ ಸ್ಟಾರ್ ಅಬ್ಸರ್ವರ್ಸ್) 1911ರಿಂದ ವೇರಿಯಬಲ್ ನಕ್ಷತ್ರಗಳ ಕೆಲಸವನ್ನೇ ಮಾಡುತ್ತಿರುವ ಸಂಸ್ಥೆ. ನಕ್ಷೆಗಳು ಉಚಿತ. ಹೋಲಿಕೆಗೆ ಆಗುವ ನಕ್ಷತ್ರದ ಪಕ್ಕದಲ್ಲಿ ಸಂಖ್ಯೆ ಇರುತ್ತದೆ. 38 ಅಂದರೆ 3.8. ದಶಮಾಂಶದ ಚುಕ್ಕಿಯನ್ನು ನಕ್ಷತ್ರ ಅಂದುಕೊಳ್ಳಬಾರದು ಅಂತ ಅದನ್ನು ಬಿಟ್ಟಿರುತ್ತಾರೆ. ನಾನು ಮೊದಲ ದಿನವೇ ಈ ನಕ್ಷೆ ತೆರೆಯಬೇಕಿತ್ತು.

ಈಗ ನಾನು ಬೀಟಾ ಟ್ರಯಾಂಗುಲಿಯನ್ನು (3.0) ಹೋಲಿಕೆಗೆ ಇಟ್ಟುಕೊಂಡಿದ್ದೇನೆ. ಅದೂ ಅಲ್ಗಾಲ್ ಹಾಗೆ ಬಿಳಿ. ಕೆಂಪು ನಕ್ಷತ್ರವನ್ನು ಕ್ಯಾಮೆರಾ ಬೇರೆ ಥರ ನೋಡುತ್ತದೆ, ಅದಕ್ಕೆ ಬಣ್ಣವೂ ಮುಖ್ಯ. ಇದು ಸ್ವಲ್ಪ ದೂರ, ಹಾಗಾಗಿ ಎರಡೂ ಚೆನ್ನಾಗಿ ಮೇಲೇರಿದ ಮೇಲೆ ಶುರು ಮಾಡಿ. ಮೂರನೆಯದಾಗಿ ಕಪ್ಪಾ ಪರ್ಸಿಯನ್ನು (3.8) ಚೆಕ್ ನಕ್ಷತ್ರವಾಗಿ, ಅಂದರೆ ಅಳತೆ ಸರಿಯಿದೆಯಾ ಅಂತ ಪರೀಕ್ಷಿಸಲು, ಅಳೆಯುತ್ತೇನೆ. ಗ್ರಾಫ್‌ನಲ್ಲಿ ಅದರ ಗೆರೆ ಅಲುಗಾಡಿದರೆ ಆ ರಾತ್ರಿಯ ಅಳತೆಯನ್ನೇ ಬಿಡುತ್ತೇನೆ. ರಾ ಫಾರ್ಮ್ಯಾಟ್, ಹಸಿರು ಚಾನೆಲ್, 5 ಸೆಕೆಂಡ್, ಫೋಕಸ್ ಸ್ವಲ್ಪ ತಪ್ಪಿಸಿ, ಯಾವ ಪಿಕ್ಸೆಲ್ಲೂ ತುಂಬಿ ಹೋಗದ ಹಾಗೆ. ಹತ್ತಿಪ್ಪತ್ತು ಫೋಟೋಗಳ ಸರಾಸರಿ. ಸೆಟ್ಟಿಂಗ್ ಬಗ್ಗೆ ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಜಾನ್ ಗುಡ್ರಿಕ್‌ಗೆ ಕಿವಿ ಕೇಳುತ್ತಿರಲಿಲ್ಲ. 1783ರಲ್ಲಿ, ಇಂಗ್ಲೆಂಡಿನ ಯಾರ್ಕ್‌ನಲ್ಲಿ, 18ರ ವಯಸ್ಸಿಗೆ, ಬರಿಗಣ್ಣಿನಲ್ಲಿ ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿಯೇ ಅಲ್ಗಾಲ್‌ನ ಅವಧಿ ಕಂಡುಹಿಡಿದ. ನೀವು ಕ್ಯಾಮೆರಾಕ್ಕೆ ಎತ್ತಿಟ್ಟ ದುಡ್ಡು ಹಾಗೇ ಇರಲಿ.

ಮೂರನೇ ಚಳಿಗಾಲದ ಒಂದು ರಾತ್ರಿ ಅಲ್ಗಾಲ್ 3.4ಕ್ಕೆ ಇಳಿದು ತಿರುಗಿತು. ಗ್ರಾಫ್‌ನಲ್ಲಿ ಅದರ ಕೆಳಗೆ ಕಪ್ಪಾ ಪರ್ಸಿಯ ಚುಕ್ಕಿಗಳು ಸ್ಕೇಲ್ ಇಟ್ಟು ಎಳೆದ ಹಾಗೆ ನೇರವಾಗಿದ್ದವು. ಬೆಳಗಿನ ಜಾವ ಮನೆಯವರನ್ನು ಎಬ್ಬಿಸಿ ತೋರಿಸಿದೆ.