ಗಂಜ್‌ಗೆ ತೊಗರಿ ಬರುತ್ತದೆ, ಯುದ್ಧದ ಸುದ್ದಿ ಬರುವುದಿಲ್ಲ

ಪ್ರಶ್ನೆ: ಕಲಬುರಗಿ ಗಂಜ್‌ನಲ್ಲಿ ತೊಗರಿ ದರ ಇಳಿದಾಗಲೆಲ್ಲ ಅಡತ್ ಅಂಗಡಿಯವರು ‘ಬರ್ಮಾ ಮಾಲು ಬಂದಿದೆ, ಆಫ್ರಿಕಾ ಮಾಲು ಬಂದಿದೆ’ ಎನ್ನುತ್ತಾರೆ. ಅಲ್ಲೆಲ್ಲ ವರ್ಷಗಳಿಂದ ಗುಂಡು ಹಾರುತ್ತಿದೆಯೆಂದು ಮಗ ಮೊಬೈಲ್‌ನಲ್ಲಿ ತೋರಿಸಿದ. ದಿನವೂ ಪತ್ರಿಕೆ ಓದುವ ನನಗೆ ಉಕ್ರೇನ್ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಏಕೆ ಹೀಗೆ?
– ತೊಗರಿ ಬೆಳೆಗಾರರು, ಆಳಂದ ತಾಲ್ಲೂಕು

ಉತ್ತರ: ತಪ್ಪು ನಿಮ್ಮದಲ್ಲ. ವರ್ಷಗಟ್ಟಲೆ ರಾತ್ರಿ ಪಾಳಿಯಲ್ಲಿ ವಿದೇಶ ಪುಟ ಕಟ್ಟಿದವನು ನಾನು. ಇದರಲ್ಲಿ ನನ್ನ ಪಾಲೂ ಇದೆ.

ಕನ್ನಡ ಪತ್ರಿಕೆಗಳ ವಿದೇಶ ಸುದ್ದಿ ಬಹುಪಾಲು ಪಿಟಿಐ, ಎಪಿ, ಎಎಫ್‌ಪಿ, ರಾಯಿಟರ್ಸ್‌ನಂಥ ಸುದ್ದಿಸಂಸ್ಥೆಗಳದ್ದು. ಅವರ ವರದಿಗಾರರಿಗೆ ಬಾಗಿಲು ಮುಚ್ಚಿದರೆ ನಮಗೂ ಕತ್ತಲೆ. ನಿಮ್ಮ ಅಡತ್‌ನವರು ಬರ್ಮಾ ಎನ್ನುವ ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರುವರಿ 1ರಂದು ಅಧಿಕಾರ ಕಿತ್ತುಕೊಂಡ ಸೇನೆ, ಮರುತಿಂಗಳೇ ಐದು ಸ್ವತಂತ್ರ ಸುದ್ದಿಸಂಸ್ಥೆಗಳ ಪರವಾನಗಿ ರದ್ದು ಮಾಡಿತು. ಫೋಟೊ ಇಲ್ಲದ ಸುದ್ದಿಗೆ ನಾವು ಕೊಡುತ್ತಿದ್ದುದು ಎರಡು ಇಂಚು; ರಾತ್ರಿ ಜಾಹೀರಾತು ಬಂದರೆ ಅದೂ ಇಲ್ಲ.

ಬಾಗಿಲು ತೆರೆದಿದ್ದರೂ ನಾವು ಹುಡುಕುವುದು ನಮ್ಮವರನ್ನೇ. ಸುಡಾನ್‌ನಲ್ಲಿ 2023ರ ಏಪ್ರಿಲ್ 15ರಂದು ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಹತ್ತಿಕೊಂಡಾಗ ಎಲ್ ಫಾಶರ್ ಎಂಬ ಊರು ಕರ್ನಾಟಕದ ಮುಖಪುಟಕ್ಕೆ ಬಂತು. ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಿದ್ದರು. ವಿಧಾನಸಭಾ ಚುನಾವಣೆಯ ಕಾಲ ಬೇರೆ. ‘ಆಪರೇಷನ್ ಕಾವೇರಿ’ಯಲ್ಲಿ ಅವರು ಮರಳಿದರು, ಸುಡಾನ್ ಪುಟದಿಂದ ಮಾಯವಾಯಿತು. ಅದೇ ಎಲ್ ಫಾಶರ್ ಒಂದೂವರೆ ವರ್ಷ ಮುತ್ತಿಗೆಯಲ್ಲಿ ಹಸಿದು, 2025ರ ಅಕ್ಟೋಬರ್‌ನಲ್ಲಿ ಅರೆಸೇನಾ ಪಡೆಯ ವಶವಾಯಿತು. ಆ ದೇಶದಲ್ಲಿ ಮನೆ ತೊರೆದವರು ಒಂದು ಕೋಟಿಗೂ ಹೆಚ್ಚು.

ಇನ್ನು ನಿಮ್ಮ ತೊಗರಿ. ಮ್ಯಾನ್ಮಾರ್‌ನಿಂದ ವರ್ಷಕ್ಕೆ 1 ಲಕ್ಷ ಟನ್, ಆಫ್ರಿಕಾದ ಮೊಜಾಂಬಿಕ್‌ನಿಂದ 2 ಲಕ್ಷ ಟನ್ ತರಿಸಲು 2021ರಲ್ಲಿ ಐದು ವರ್ಷಕ್ಕೆ ಆದ ಒಪ್ಪಂದಗಳು ವಾಣಿಜ್ಯ ಪುಟದ ಸರಕಾಗಿದ್ದವು. ಮೊಜಾಂಬಿಕ್‌ನ ಉತ್ತರ ತುದಿಯ ಕಾಬೊ ಡೆಲ್ಗಾಡೊದಲ್ಲಿ 2017ರಿಂದ ಉಗ್ರರ ದಾಳಿ ನಡೆದಿದೆ; ತೊಗರಿಯ ಹಡಗು ಹೊರಡುವ ನಕಾಲಾ ಬಂದರು ಇರುವುದು ಪಕ್ಕದ ಪ್ರಾಂತ್ಯದಲ್ಲೇ. ಆ ದಾಳಿಯ ಸುದ್ದಿ ವಿದೇಶ ಪುಟದವರಿಗೆ ಸೇರಿದ್ದು. ಎರಡು ಮೇಜುಗಳ ನಡುವೆ ಹತ್ತು ಹೆಜ್ಜೆ. ಕೂತು ಮಾತಾಡಿದ್ದು ನನಗೆ ನೆನಪಿಲ್ಲ. ಹೀಗಾಗಿ ದರ ಮಾತ್ರ ನಿಮ್ಮ ಮನೆಗೆ ಬಂತು.

ಸುಡಾನ್‌ಗೆ ರೇಡಿಯೊ ದಬಂಗಾ, ಮ್ಯಾನ್ಮಾರ್‌ಗೆ ಇರಾವಡ್ಡಿ ಎಂಬ ಸುದ್ದಿತಾಣಗಳು ಇಂಗ್ಲಿಷಿನಲ್ಲಿ ಮೊಬೈಲ್‌ನಲ್ಲೇ ಸಿಗುತ್ತವೆ. ಮಗ ಓದಿ ಹೇಳಲಿ. ಜೊತೆಗೆ ನಿಮ್ಮ ಪತ್ರಿಕೆಯ ಸಂಪಾದಕರಿಗೆ ಒಂದು ಕಾಗದ ಬರೆಯಿರಿ: ತೊಗರಿ ದರದ ಕೆಳಗೆ ಅದು ಹೊರಟ ನಾಡಿನ ಬಗ್ಗೆ ಎರಡು ಸಾಲು ಹಾಕಿ ಎಂದು. ಓದುಗರ ಕಾಗದಕ್ಕೆ ನಾವು ಅಂಜುತ್ತಿದ್ದೆವು, ಜಾಹೀರಾತುದಾರರಿಗೆ ಅಂಜಿದಷ್ಟಲ್ಲದಿದ್ದರೂ.