ಸಂಪಾದಕರ ಉತ್ತರ: ಸಾಸಿವೆ ಬಣ್ಣದ ಕುರ್ತಾ ಕಪಾಟಿನಿಂದ ಹೊರಬರಲಿ

ಮೂಡುಬಿದಿರೆಯ ಓದುಗರಿಗೆ,

ಹೆಸರು ಅಚ್ಚಾಗುವುದು ಬೇಡ ಎಂದಿದ್ದೀರಿ, ಹಾಕಿಲ್ಲ. ಉಳಿದವರಿಗಾಗಿ ನಿಮ್ಮ ಪತ್ರದ ಸಾರ ಇಷ್ಟು: ಬಿ.ಕಾಂ. ಮುಗಿಸಿ ಮಂಗಳೂರಿನ ಲೆಕ್ಕಪರಿಶೋಧಕರ ಕಚೇರಿಯೊಂದಕ್ಕೆ ಸೇರಿದ್ದೀರಿ, ದಿನವೂ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓಡಾಟ. ಸಾಸಿವೆ ಬಣ್ಣದ ಇಕ್ಕತ್ (ನೂಲಿಗೇ ಬಣ್ಣ ಕಟ್ಟಿ ವಿನ್ಯಾಸ ನೇಯ್ದ ಬಟ್ಟೆ) ಕುರ್ತಾ, ದೊಡ್ಡ ಬೆಳ್ಳಿ ಜುಮುಕಿ ನಿಮಗೆ ಇಷ್ಟ. ಒಂದು ದಿನ ಹಿರಿಯರೊಬ್ಬರು "ಕ್ಲೈಂಟ್ ಬರುವ ದಿನ ಸ್ವಲ್ಪ ಪ್ರೊಫೆಷನಲ್ ಆಗಿ ಬನ್ನಿ" ಎಂದರು. ಅಂದಿನಿಂದ ಕಪ್ಪು ಪ್ಯಾಂಟು, ತಿಳಿನೀಲಿ ಶರ್ಟು. ಅದು ನಿಮಗೂ ಹಿಡಿಸುತ್ತಿಲ್ಲ, ಅಮ್ಮನಿಗಂತೂ ಬಿಲ್‌ಕುಲ್ ಹಿಡಿಸಿಲ್ಲ. "ಬಣ್ಣ ಇಷ್ಟಪಡುವವಳಿಗೆ ಕೆಲಸದಲ್ಲಿ ಗಾಂಭೀರ್ಯ ಇಲ್ಲವೆಂದೇ?" ಎಂದು ಕೇಳಿದ್ದೀರಿ. ಕೊನೆಯಲ್ಲಿ, ಸಂಕೋಚದಿಂದಲೋ ಏನೋ, ಸಣ್ಣ ಅಕ್ಷರದಲ್ಲಿ ಮಲ್ಲಿಗೆಯ ವಿಷಯವೂ ಇದೆ.

ಮೊದಲು ಆ ಹಿರಿಯರ ಮಾತು. ಅವರು ಹೇಳಿದ್ದು ಒಂದು ವಾಕ್ಯ. ನೀವು ಅದರಿಂದ ಇಡೀ ಕಪಾಟನ್ನೇ ಬದಲಾಯಿಸಿದಿರಿ. ಬಣ್ಣ ಬೇಡವೆಂದರೋ, ಜುಮುಕಿ ಬೇಡವೆಂದರೋ, ತೋಳಿಲ್ಲದ ಕುರ್ತಾ ಬೇಡವೆಂದರೋ ನಿಮಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ಹೋಗಿ ಕೇಳಿ. "ಸರ್, ಅಂದು ಹೇಳಿದಿರಲ್ಲ, ಯಾವುದನ್ನು ಬದಲಿಸಬೇಕು?" ಎಂದರೆ ಸಾಕು. ಕಚೇರಿಗೆ ಉಡುಪಿನ ನಿಯಮ ಇದ್ದರೆ ತೋರಿಸುತ್ತಾರೆ. ಇಲ್ಲದಿದ್ದರೆ ಅವರೇ ಸ್ವಲ್ಪ ತಡವರಿಸುತ್ತಾರೆ, ಅದರಿಂದಲೂ ನಿಮಗೆ ತಿಳಿಯುವುದಿದೆ. ಒಂದು ಎಚ್ಚರ ಮಾತ್ರ ಇರಲಿ: ಮಾತು ಬಟ್ಟೆಯನ್ನು ದಾಟಿ ಮೈಕಟ್ಟಿನ ಮೇಲೆ ಬಂದರೆ ಅದು ಸಲಹೆಯಲ್ಲ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಮಂದಿ ಇರುವ ಕಚೇರಿಯಲ್ಲಿ ಆಂತರಿಕ ಸಮಿತಿ ಕಡ್ಡಾಯ. ಅದಕ್ಕಿಂತ ಸಣ್ಣ ಕಚೇರಿಯವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ. ಮೂರು ತಿಂಗಳೊಳಗೆ ಲಿಖಿತವಾಗಿ ದೂರು ಕೊಡಬೇಕು. ನಿಮ್ಮ ಪತ್ರ ಓದಿದರೆ ಸಂಗತಿ ಅಲ್ಲಿಯವರೆಗೆ ಹೋದಂತಿಲ್ಲ.

ನನ್ನ ಊಹೆ ಬೇರೆ. ಮೂಡುಬಿದಿರೆಯಿಂದ ನಿಂತುಕೊಂಡೇ ಬಂದು, ಕೆಂಪು ನೀರು ಹಾರಿದ ಪ್ಯಾಂಟಿನಲ್ಲಿ, ಮುದುಡಿದ ದುಪ್ಪಟ್ಟದಲ್ಲಿ ಒಂಬತ್ತೂವರೆಗೆ ಕಚೇರಿಯ ಮೆಟ್ಟಿಲು ಹತ್ತುವವರನ್ನು ನೋಡಿದಾಗ ಹಿರಿಯರಿಗೆ ಕಂಡದ್ದು ಸಾಸಿವೆ ಬಣ್ಣವಲ್ಲ, ಮುದುಡು. ಅದಕ್ಕೆ ಮದ್ದು ತಿಳಿನೀಲಿ ಶರ್ಟು ಅಲ್ಲವೇ ಅಲ್ಲ. ನಮ್ಮ ಕರಾವಳಿಯ ಸೆಕೆಗೆ ಅತ್ಯಂತ ಕೆಟ್ಟ ಆಯ್ಕೆ ಯಾವುದೆಂದರೆ ಈ ತಿಳಿನೀಲಿ ಮತ್ತು ನಡುಬೂದು ಬಣ್ಣಗಳೇ; ಬೆವರಿನ ಒದ್ದೆ ಕಲೆ ಅವುಗಳಲ್ಲಿ ಎದ್ದು ಕಾಣುವಷ್ಟು ಬೇರಾವುದರಲ್ಲೂ ಕಾಣುವುದಿಲ್ಲ. ಬಿಳಿ, ಕಡುನೀಲಿ, ಒತ್ತಾದ ಅಚ್ಚಿನ ಬಟ್ಟೆಗಳು ಅದನ್ನು ಮರೆಮಾಡುತ್ತವೆ. ನಿಮ್ಮ ಇಕ್ಕತ್ ಈ ಲೆಕ್ಕದಲ್ಲಿ ಶರ್ಟಿಗಿಂತ ಹೆಚ್ಚು ಕಚೇರಿಗೆ ಯೋಗ್ಯ.

ಬಟ್ಟೆಯ ಜಾತಿಯನ್ನೂ ನೋಡಿ. ದಪ್ಪ ಹತ್ತಿ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಎರಡು ದಿನ ಹಗ್ಗದ ಮೇಲಿದ್ದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಬೆವರು ಹೀರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಕ್ಕದವರಿಗೂ ಅದು ತಿಳಿಯುತ್ತದೆ. ಅಂಗಡಿಗಳಲ್ಲಿ ಈಗ ತುಂಬಿರುವ ರೇಯಾನ್ ಕುರ್ತಾಗಳು ಮೈಗೆ ಹಿತವೇ, ಆದರೆ ನೆನೆದಾಗ ನೂಲು ಬಲ ಕಳೆದುಕೊಳ್ಳುತ್ತದೆ, ಒಗೆದಂತೆ ಕುಗ್ಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆಳು ಹತ್ತಿಯ ಕುರ್ತಾ, ಕಾಲಿಗೆ ಕಡು ಬಣ್ಣದ, ಹಿಮ್ಮಡಿಗಿಂತ ಮೇಲೆ ನಿಲ್ಲುವ ಪ್ಯಾಂಟು. ಬಸ್ಸಿಗೆ ರಬ್ಬರ್ ಚಪ್ಪಲಿ; ಕಚೇರಿಯ ಮೇಜಿನ ಕೆಳಗೆ ಒಂದು ಜೊತೆ ಒಳ್ಳೆಯ ಪಾದರಕ್ಷೆ, ಡ್ರಾಯರಿನಲ್ಲಿ ಇಸ್ತ್ರಿ ಮಾಡಿದ ಒಂದು ಕುರ್ತಾ. ಬ್ಲೇಜರ್ ಬೇಕೇ ಎಂದು ಕೇಳಿದ್ದೀರಿ. ಎ.ಸಿ. ಕೋಣೆಯ ಚಳಿಗೆ ಬೇಕಾದರೆ ಕುರ್ಚಿಯ ಬೆನ್ನಿಗೆ ಒಂದು ಹಾಕಿಡಿ. ಅದನ್ನು ತೊಟ್ಟು ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವುದು ವಿವೇಕವಲ್ಲ.

ಗಾಂಭೀರ್ಯಕ್ಕೆ ಕಪ್ಪು ಪ್ಯಾಂಟೇ ಆಗಬೇಕು ಎನ್ನುವುದು ನಮ್ಮ ಊರಿನ ಅನುಭವವೂ ಅಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದೇ ಕಷ್ಟಕ್ಕೆ ಸಿಲುಕಿದ್ದ ಕೈಮಗ್ಗದ ನೇಕಾರರಿಗೆ ಸಾಲ ಕೊಡುವುದಕ್ಕಾಗಿ. ಅದೇ ಬ್ಯಾಂಕು 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರಂನಲ್ಲಿ ಮಹಿಳೆಯರೇ ನಡೆಸುವ ಶಾಖೆ ತೆರೆಯಿತು. ಆ ಕಾಲದಲ್ಲಿ ಅವರು ಸೀರೆಯನ್ನಲ್ಲದೆ ಇನ್ನೇನನ್ನು ಉಟ್ಟಿದ್ದಾರು! ದಿನದ ಕೊನೆಗೆ ನಗದು ತಾಳೆಯಾಗುತ್ತಿತ್ತೇ ಎಂಬುದಷ್ಟೇ ಮುಖ್ಯವಾಗಿದ್ದೀತು.

ಹಾಗಾಗಿ ಕ್ಲೈಂಟ್ ಬರುವ ದಿನಕ್ಕೆ, ಮಳೆ ಬಿಟ್ಟ ಮೇಲೆ, ಒಂದು ಉಡುಪಿ ಸೀರೆ ಇಟ್ಟುಕೊಳ್ಳಿ ಎನ್ನುತ್ತೇನೆ. ಹಗುರ ಹತ್ತಿ, ಸರಳ ಅಂಚು, ಸೆರಗಿಗೆ ಬೇರೆ ಬಣ್ಣ. ಗಂಜಿಯ ಬಿಗಿಯಿಂದಾಗಿ ನೆರಿಗೆ ಹೇಳಿದಂತೆ ಕೇಳುತ್ತದೆ. 2016ರಲ್ಲಿ ಇದಕ್ಕೆ ಈ ಪ್ರದೇಶದ್ದೇ ಎಂದು ಗುರುತಿಸುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು, ಆದರೆ ಆಗಲೇ ಮಗ್ಗದ ಮುಂದೆ ಉಳಿದಿದ್ದವರು ಬೆರಳೆಣಿಕೆಯ ವಯಸ್ಸಾದ ನೇಕಾರರು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘ ಮತ್ತು ಕೈಮಗ್ಗದ ಪುನಶ್ಚೇತನಕ್ಕೆ ದುಡಿಯುವ ಕದಿಕೆ ಟ್ರಸ್ಟ್ ಸೇರಿ ಅದನ್ನು ಮತ್ತೆ ಚಿಗುರಿಸಿವೆ. ಅಡಿಕೆ ಚೊಗರಿನ (ಅಡಿಕೆ ಬೇಯಿಸಿದಾಗ ಸಿಗುವ ಗಾಢ ರಸದ) ಬಣ್ಣದ ಸೀರೆಗಳೂ ಬಂದಿವೆ. ಆ ಕಂದುಗೆಂಪು ನಿಮ್ಮ ಬೆಳ್ಳಿಗೆ ಚೆನ್ನಾಗಿ ಹೊಂದುತ್ತದೆ. ನಿಮ್ಮ ಊರಿಗೆ ಕಿನ್ನಿಗೋಳಿ ದೂರವೇನಲ್ಲ, ಶನಿವಾರ ಮಧ್ಯಾಹ್ನದ ಕೆಲಸ.

ಇನ್ನು ನಿಮ್ಮತನ. ಪಕ್ಕದ ಮೇಜಿನ ಗೆಳತಿ ದಿನಕ್ಕೊಂದು ಬಣ್ಣದ ಹಿಜಾಬ್ ತೊಟ್ಟು ಬರುತ್ತಾರೆ, ಎಷ್ಟು ಚೆಂದ ಎಂದು ಮೆಚ್ಚಿ ಬರೆದಿದ್ದೀರಿ. ಅದೇ ವಾಕ್ಯದ ಕೊನೆಯಲ್ಲಿ, ಉಳಿದದ್ದೆಲ್ಲ ಒಂದೇ ಸಾದಾ ಬಣ್ಣ ಎಂದೂ ಇದೆ. ಉತ್ತರ ನಿಮ್ಮ ಪತ್ರದಲ್ಲೇ ಇತ್ತು, ನೋಡಿ. ಆಕೆ ಒಂದು ಜಾಗವನ್ನು ಆರಿಸಿಕೊಂಡಿದ್ದಾರೆ. ನೀವು ಇಕ್ಕತ್, ಜುಮುಕಿ, ಬಳೆ, ಕಸೂತಿಯ ಚೀಲ ಎಲ್ಲವನ್ನೂ ಒಟ್ಟಿಗೆ ಕರೆದುಕೊಂಡು ಹೋಗುತ್ತೀರಿ. ಯಾವುದರ ಮಾತೂ ಕೇಳಿಸುವುದಿಲ್ಲ. ಒಂದನ್ನು ಹಿಡಿಯಿರಿ ಮತ್ತು ಬಿಡಬೇಡಿ. ಬೆಳ್ಳಿ ಎಂದಾದರೆ ದಿನವೂ ಬೆಳ್ಳಿ, ಗೆಜ್ಜೆಯಿಲ್ಲದ್ದು. ಫೋನಿನಲ್ಲಿ ಮಾತಾಡುವಾಗ ಜುಮುಕಿ ಸದ್ದು ಮಾಡಿದರೆ ಮೊದಲು ಸಿಡಿಮಿಡಿಗೊಳ್ಳುವವರು ನೀವೇ. ಆರು ತಿಂಗಳಾದ ಮೇಲೆ ಕಚೇರಿಯವರೇ ನಿಮ್ಮನ್ನು ಆ ಬೆಳ್ಳಿಯಿಂದ ಗುರುತಿಸುತ್ತಾರೆ. ಇದಕ್ಕೆ ತಿಂಗಳ ಸಂಬಳ ಕರಗಿಸಬೇಕಾಗಿಲ್ಲ.

ಮಲ್ಲಿಗೆ ಖಂಡಿತ ಮುಡಿಯಿರಿ. ಉಡುಪಿ ಬಳಿಯ ಶಂಕರಪುರದ ಹೆಸರಿನ ಮಲ್ಲಿಗೆ ಸುತ್ತ ಬೆಳೆಯುವ ಊರಿನವರು ಅದಕ್ಕೆ ಅನುಮತಿ ಕೇಳುವುದೇ ನನಗೆ ವಿಚಿತ್ರವಾಗಿ ಕಂಡಿತು. ಆದರೆ ಇಡೀ ಚೆಂಡು ಮದುವೆ ಮನೆಗೆ. ಕಿಟಕಿ ಮುಚ್ಚಿದ ಎ.ಸಿ. ಕೋಣೆಯಲ್ಲಿ ಒಂದು ಗೇಣಿಗಿಂತ ಹೆಚ್ಚಾದರೆ ಯಾರಿಗಾದರೂ ತಲೆನೋವು ಬಂದೀತು.

ಅಮ್ಮನ ಆಕ್ಷೇಪ ಶರ್ಟು ಪ್ಯಾಂಟಿಗೋ, ಬಸ್ಸಿನಲ್ಲಿ ನೋಡುವವರ ಕಣ್ಣಿಗೋ? ಎರಡನೆಯದಾದರೆ ನೀವು ಏನು ತೊಟ್ಟರೂ ಅದು ಹೋಗುವುದಿಲ್ಲ. ಆದರೆ ಅವರ ಆತಂಕ ಸುಳ್ಳಲ್ಲ, ನಗಬೇಡಿ. ಬಟ್ಟೆ ಆರಿಸುವಾಗ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೈಗೆ ಹಿಡಿಯದ ರೆಡಿಮೇಡ್ ಮೂರು ಕೊಳ್ಳುವ ಬದಲು ಬಟ್ಟೆ ತೆಗೆದು ಎರಡು ಹೊಲಿಸಿ. ಹತ್ತಿಯನ್ನು ಹೊಲಿಸುವ ಮುಂಚೆ ಒಮ್ಮೆ ನೀರಿಗೆ ಹಾಕಿ ಒಣಗಿಸಿ. ಹೊಲಿಗೆ ಭುಜದ ಮೂಳೆಯ ಮೇಲೇ ಕೂರಬೇಕು, ತೋಳಿಗೆ ಜಾರಬಾರದು. ಸಾದಾ ಬಟ್ಟೆಯೂ ಅದೊಂದರಿಂದ ಅಚ್ಚುಕಟ್ಟಾಗಿ ಕಾಣುತ್ತದೆ. ಪಕ್ಕದಲ್ಲಿ ಒಂದು ಇಂಚು ಬಟ್ಟೆ ಒಳಗೆ ಬಿಡಲು, ಕಿಸೆ ಇಡಲು ಟೈಲರಿಗೆ ಮೊದಲೇ ಹೇಳಿ. ದಸರಾಕ್ಕೆ ಒಂದು ತಿಂಗಳಿರುವಾಗಲೇ ಕೊಟ್ಟುಬಿಡಿ. ತಡಮಾಡಿದರೆ ದೀಪಾವಳಿ, ಮದುವೆ, ಕ್ರಿಸ್‌ಮಸ್ ಎಂದು ಅವರು ನಿಮ್ಮನ್ನು ಜನವರಿಗೆ ತಳ್ಳುತ್ತಾರೆ.

— ಸಂಪಾದಕಿ